ಕಮಾಂಡ್ ಲೈನ್ ಕ್ರ್ಯಾಶ್‌ಗೆ ಒಂದೇ ಸಾಲಿನ ಪ್ಯಾಚ್: ರಿವ್ಯೂ ಮಾಡುವುದು ಹೇಗೆ?

ಕ್ರ್ಯಾಶ್ ಸರಿಯಾಯಿತು ಅಂತ ಒಂದು ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಬರುತ್ತದೆ. ಒಂದೇ ಸಾಲು. ನೋಡಿದರೆ ಸರಿಯಾಗೇ ಇದೆ. ಟೆಸ್ಟ್‌ಗಳೆಲ್ಲ ಪಾಸ್. ಸುಮ್ನೆ ಓಕೆ ಒತ್ತಿ ಮುಂದಿನ ಕೆಲಸಕ್ಕೆ ಹೋಗೋಣ ಅನ್ನಿಸುತ್ತೆ, ಅಲ್ವಾ? ಆ ಓಕೆ ಒತ್ತುವ ಮುಂಚೆ ಏನೇನು ನೋಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಹೊಸದಾಗಿ ರಿವ್ಯೂಗೆ, ಅಂದರೆ ಬೇರೆಯವರ ಕೋಡ್ ಪರಿಶೀಲಿಸಲು, ಕೂತವರಿಗೆ ಇದು. ಸಿ ಭಾಷೆ ಸ್ವಲ್ಪ ಗೊತ್ತಿದ್ದರೆ ಸಾಕು.

ಉದಾಹರಣೆ ನಮ್ಮದೇ. ನಾವು ಗಂಗಾವತಿಯಲ್ಲಿ ರೈಸ್ ಮಿಲ್‌ಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ವೇಬ್ರಿಜ್ ಮೇಲೆ ಲಾರಿ ನಿಂತಾಗ ತೂಕ ಓದಿ ಚೀಟಿ ತೆಗೆಯುವ ಒಂದು ಸಣ್ಣ ಪ್ರೋಗ್ರಾಂ ಇದೆ. ಹೆಸರು ‘ಕಾಟಾ’. ಸಿ ಯಲ್ಲಿ ಬರೆದದ್ದು. ಅದಕ್ಕೆ ವಿಂಡೋ, ಬಟನ್ ಏನೂ ಇಲ್ಲ. ಮಿಲ್‌ನ ಕಂಪ್ಯೂಟರಿನಲ್ಲಿರುವ ಶೆಲ್ ಸ್ಕ್ರಿಪ್ಟ್ ಅದನ್ನು ಹೀಗೆ ಕರೆಯುತ್ತದೆ:

ಕಾಟಾ --ಗಾಡಿ ಕೆಎ37… --ಬ್ಯಾಗ್ 75

ಗಾಡಿ ಅಂದರೆ ವಾಹನದ ನಂಬರ್. ಬ್ಯಾಗ್ ಅಂದರೆ ಒಂದು ಚೀಲದ ತೂಕ. ನಮ್ಮ ಕಡೆ ಭತ್ತದ ವ್ಯವಹಾರ 75 ಕೆ.ಜಿ. ಚೀಲದ ಲೆಕ್ಕದಲ್ಲಿ ನಡೆಯುತ್ತೆ. ಹಾಗಾಗಿ ಅದೇ ಡಿಫಾಲ್ಟ್. ಅಕ್ಕಿ ಲೋಡ್ ಹೊರಗೆ ಹೋಗುವಾಗ 25 ಅಂತ ಕೊಡುತ್ತಾರೆ. ನಿವ್ವಳ ತೂಕವನ್ನು ಚೀಲದ ತೂಕದಿಂದ ಭಾಗಿಸಿ, ಎಷ್ಟು ಚೀಲ ಅಂತ ಚೀಟಿಯಲ್ಲಿ ಅಚ್ಚಾಗುತ್ತದೆ. ಇಷ್ಟೇ ಕೆಲಸ. (ಕೋಡನ್ನೂ ಆಪ್ಶನ್‌ಗಳನ್ನೂ ಇಲ್ಲಿ ಬಾಯಲ್ಲಿ ಓದುವ ಹಾಗೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಮಾಮೂಲಿ ಇಂಗ್ಲಿಷ್ ಅಕ್ಷರ.)

ಎರಡನೇ ಬೆಳೆಯ ಕಟಾವು ನಡೆಯುತ್ತಿದ್ದ ಸಮಯ. ವೇಬ್ರಿಜ್ ಮುಂದೆ ಟ್ರ್ಯಾಕ್ಟರ್ ಸಾಲು. ಒಂದು ಮಿಲ್‌ನ ಗುಮಾಸ್ತರು ಫೋನ್ ಮಾಡಿ, ‘ಸರ್, ಚೀಟಿ ಬರವಲ್ದು ನೋಡ್ರಿ’ ಅಂದರು. ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಅರ್ಧ ಗಂಟೆಯೊಳಗೆ ಕಾರಣ ಹಿಡಿದಳು. ಚುರುಕು ಹುಡುಗಿ. ಕೋಡಿನಲ್ಲಿ ಇದ್ದದ್ದು ಇದು:

ಬ್ಯಾಗ್ = ಎಟಾಯ್(ಆರ್ಗ್‌ವಿ[++ಐ]);

(ಆರ್ಗ್‌ವಿ ಅಂದರೆ ಕಮಾಂಡ್ ಸಾಲಿನ ಪದಗಳ ಪಟ್ಟಿ, ಆರ್ಗ್‌ಸಿ ಅವುಗಳ ಎಣಿಕೆ. ಎಟಾಯ್ ಸ್ಟ್ರಿಂಗನ್ನು ಸಂಖ್ಯೆ ಮಾಡುವ ಫಂಕ್ಷನ್.) ಅವಳು ಮಾಡಿದ್ದು ಇದು:

ಇಫ್ (ಐ + 1 < ಆರ್ಗ್‌ಸಿ) ಬ್ಯಾಗ್ = ಎಟಾಯ್(ಆರ್ಗ್‌ವಿ[++ಐ]);

--ಬ್ಯಾಗ್ ಅನ್ನೋ ಆಪ್ಶನ್ ಸಾಲಿನ ಕೊನೆಗೆ ಬಂದು, ಅದರ ಮುಂದೆ ಏನೂ ಇಲ್ಲದಿದ್ದರೆ ಹಳೇ ಕೋಡ್ ನಲ್ ಪಾಯಿಂಟರ್ ಓದಲು ಹೋಗಿ ಬೀಳುತ್ತಿತ್ತು. ಈಗ ಬೀಳುವುದಿಲ್ಲ. ಹಾಗಾದರೆ ಓಕೆ ಒತ್ತಬಹುದಾ?

ಮೊದಲು ನೀವೇ ಬೀಳಿಸಿ ನೋಡಿ

ಪ್ಯಾಚ್ ಓದುವುದಕ್ಕೂ ಮುಂಚೆ, ಪ್ಯಾಚ್ ಹಾಕದ ಹಳೇ ಕಮಿಟ್ (ಉಳಿಸಿಟ್ಟ ಕೋಡಿನ ಆವೃತ್ತಿ) ಇಳಿಸಿಕೊಂಡು ಕಂಪೈಲ್ ಮಾಡಿ. ಅದೇ ಕ್ರ್ಯಾಶ್ ನಿಮ್ಮ ಮಶೀನ್‌ನಲ್ಲೂ ಆಗಬೇಕು. ಆಗಲಿಲ್ಲ ಅಂದರೆ ಪ್ಯಾಚ್ ಏನನ್ನು ಸರಿ ಮಾಡಿದೆ ಅಂತ ಹೇಳಲು ನಿಮ್ಮ ಹತ್ತಿರ ಏನೂ ಇಲ್ಲ.

ಕ್ರ್ಯಾಶ್ ಆದ ತಕ್ಷಣ ಎಕೋ ಕಮಾಂಡ್‌ನಿಂದ ಎಕ್ಸಿಟ್ ಕೋಡ್ (ಪ್ರೋಗ್ರಾಂ ಮುಗಿದಾಗ ಬಿಟ್ಟು ಹೋಗುವ ಸಂಖ್ಯೆ) ನೋಡಿ. ಡಾಲರ್ ಮತ್ತು ಪ್ರಶ್ನೆ ಚಿಹ್ನೆ, ಅಷ್ಟೇ. 139 ಬಂದರೆ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ್ದು): 128ಕ್ಕೆ ಸಿಗ್ನಲ್ ನಂಬರ್ 11 ಕೂಡಿದ್ದು. 136 ಬಂದರೆ ಸಿಗ್ನಲ್ 8, ಅಂದರೆ ಲೆಕ್ಕದಲ್ಲಿ ಎಡವಟ್ಟು. ಸಾಮಾನ್ಯವಾಗಿ ಸೊನ್ನೆಯಿಂದ ಭಾಗಿಸಿರುತ್ತಾರೆ. ಈ ಎರಡು ನಂಬರ್ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ ಜಿಡಿಬಿ, ಪ್ರೋಗ್ರಾಂ ಎಲ್ಲಿ ಬಿತ್ತು ಅಂತ ತೋರಿಸುವ ಡೀಬಗರ್. ‘ಜಿಡಿಬಿ --ಆರ್ಗ್ಸ್ ಕಾಟಾ --ಬ್ಯಾಗ್’ ಅಂತ ಕೊಟ್ಟು, ರನ್ ಮಾಡಿ, ಬಿದ್ದ ಮೇಲೆ ಬಿಟಿ ಅನ್ನಿ, ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಅನ್ನೋ ಪಟ್ಟಿ ಬರುತ್ತೆ. ಮೇಲಿನ ಸಾಲು ಸಿ ಲೈಬ್ರರಿಯ ಒಳಗಿನ ಯಾವುದೋ ಸ್ಟ್ರ್‌ಟೋಲ್ ಫಂಕ್ಷನ್ ತೋರಿಸುತ್ತದೆ. ಹೊಸಬರು ಇದನ್ನು ನೋಡಿ ‘ತಪ್ಪು ಲೈಬ್ರರಿದು’ ಅಂತ ಬರೆದುಬಿಡುತ್ತಾರೆ. ಅಲ್ಲ. ಎಟಾಯ್ ಒಳಗೆ ಅದನ್ನೇ ಕರೆಯುತ್ತೆ, ಅಷ್ಟೇ. ನಿಮ್ಮ ಫೈಲಿನ ಹೆಸರು ಕಾಣುವ ಫ್ರೇಮ್‌ವರೆಗೆ ಇಳಿಯಿರಿ. ಅಲ್ಲಿ ಆರ್ಗ್‌ಸಿ ಮತ್ತು ಐ ಎರಡನ್ನೂ ಪ್ರಿಂಟ್ ಮಾಡಿ. ಎರಡೂ 2 ಅಂತ ಬರುತ್ತೆ. ಆರ್ಗ್‌ವಿ[0] ಪ್ರೋಗ್ರಾಂ ಹೆಸರು, ಆರ್ಗ್‌ವಿ[1] --ಬ್ಯಾಗ್, ಆರ್ಗ್‌ವಿ[2] ನಲ್. ಪಟ್ಟಿಯ ಕೊನೆಯಲ್ಲಿ ನಲ್ ಇದ್ದೇ ಇರುತ್ತದೆ ಅಂತ ಸಿ ಸ್ಟ್ಯಾಂಡರ್ಡೇ ಮಾತು ಕೊಟ್ಟಿದೆ. ಎಟಾಯ್ ಆ ನಲ್ ಅನ್ನು ಸ್ಟ್ರಿಂಗ್ ಅಂದುಕೊಂಡು ಓದಲು ಹೋಗುತ್ತೆ. ಅಲ್ಲಿಗೆ ಕಥೆ ಮುಗೀತು.

ಅದು ಬಂದದ್ದು ಎಲ್ಲಿಂದ?

ರಿವ್ಯೂ ಮಾಡುವವರು ಜಾಸ್ತಿ ಬಿಡುವ ಪ್ರಶ್ನೆ ಇದು. ಗುಮಾಸ್ತರು ಕಮಾಂಡ್ ಟೈಪ್ ಮಾಡುವವರಲ್ಲ. ಹಾಗಿದ್ದರೆ --ಬ್ಯಾಗ್ ಮುಂದೆ ಖಾಲಿ ಬಂದದ್ದು ಹೇಗೆ?

ಸ್ಕ್ರಿಪ್ಟ್ ತೆರೆದು ನೋಡಿದೆವು. ಅದು ಒಂದು ಸೆಟ್ಟಿಂಗ್ಸ್ ಫೈಲ್‌ನಿಂದ ಚೀಲದ ತೂಕ ತಗೊಂಡು, ವೇರಿಯಬಲ್ಲಿಗೆ ಹಾಕಿ, ಕೋಟ್ ಇಲ್ಲದೆ ಕಮಾಂಡ್‌ಗೆ ಕೊಡುತ್ತಿತ್ತು. ಯಾರೋ ಆ ಫೈಲಿನಲ್ಲಿ 75 ಅಳಿಸಿ ಹಾಗೇ ಬಿಟ್ಟಿದ್ದರು. ಶೆಲ್‌ನಲ್ಲಿ ಕೋಟ್ ಇಲ್ಲದ ಖಾಲಿ ವೇರಿಯಬಲ್ ಮಾಯವಾಗಿಬಿಡುತ್ತದೆ. ಖಾಲಿ ಸ್ಟ್ರಿಂಗ್ ಆಗಿ ಕೂಡ ಉಳಿಯುವುದಿಲ್ಲ. ಆ ಜಾಗವೇ ಇರುವುದಿಲ್ಲ. ಹಾಗಾಗಿ --ಬ್ಯಾಗ್ ಒಂಟಿಯಾಗಿ ಕೊನೆಗೆ ನಿಂತಿತು.

ಇದು ಗೊತ್ತಾದ ಮೇಲೆ ಮುಂದಿನ ಪ್ರಶ್ನೆ ತಾನಾಗೇ ಬರುತ್ತೆ. ಇನ್ನೊಂದು ಮಿಲ್‌ನ ಸ್ಕ್ರಿಪ್ಟ್‌ನಲ್ಲಿ ಆಪ್ಶನ್‌ಗಳ ಕ್ರಮ ಬೇರೆ ಇದ್ದರೆ? --ಬ್ಯಾಗ್ ಮೊದಲು, --ಗಾಡಿ ಆಮೇಲೆ ಇದ್ದರೆ? ಆಗ ಪ್ರೋಗ್ರಾಂಗೆ ಸಿಗುವುದು ಇದು:

ಕಾಟಾ --ಬ್ಯಾಗ್ --ಗಾಡಿ ಕೆಎ37…

ಹೊಸ ಪ್ಯಾಚ್ ಹಾಕಿಯೇ ಓಡಿಸಿ. ಐ + 1 ಆರ್ಗ್‌ಸಿಗಿಂತ ಕಡಿಮೆ ಇದೆ, ಚೆಕ್ ಪಾಸ್. ‘--ಗಾಡಿ’ ಅನ್ನೋ ಸ್ಟ್ರಿಂಗ್ ಎಟಾಯ್‌ಗೆ ಹೋಗುತ್ತೆ. ಅದರಲ್ಲಿ ಅಂಕಿ ಇಲ್ಲ, ಎಟಾಯ್ 0 ಕೊಡುತ್ತೆ. ಬ್ಯಾಗ್ 0. ಮುಂದೆ ತೂಕ ಭಾಗಿಸು ಬ್ಯಾಗ್. ಎಕ್ಸಿಟ್ ಕೋಡ್ 136. ಪರದೆ ಮೇಲೆ ‘ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಶನ್’ ಅನ್ನೋ ಹಳೇ ಸಂದೇಶ. ಎರಡೂ ಇಂಟೀಜರ್, ಫ್ಲೋಟಿಂಗ್ ಪಾಯಿಂಟ್ ಎಲ್ಲೂ ಇಲ್ಲ. ಆದರೂ ಸಿಗ್ನಲ್ಲಿನ ಹೆಸರು ಅದೇ.

ಇಷ್ಟಕ್ಕೇ ಮುಗಿಯಲಿಲ್ಲ. ಗಾಡಿ ನಂಬರ್ ಈಗ ಯಾವ ಆಪ್ಶನ್‌ಗೂ ಸೇರದೆ ಹೊರಗೆ ಉಳಿಯಿತು. ನಮ್ಮ ಪ್ರೋಗ್ರಾಂ ಹಾಗೆ ಉಳಿದದ್ದನ್ನು ಚೀಟಿ ಉಳಿಸುವ ಫೈಲಿನ ಹೆಸರು ಅಂತ ತಿಳಿಯುತ್ತದೆ. ಫೋಲ್ಡರ್‌ನಲ್ಲಿ ಗಾಡಿ ನಂಬರಿನ ಹೆಸರಲ್ಲೇ ಒಂದು ಖಾಲಿ ಫೈಲ್ ಹುಟ್ಟಿರುತ್ತೆ.

ಇದನ್ನೇ ಒಂದು ರಾಸ್ಪ್‌ಬೆರಿ ಪೈ (ಆರ್ಮ್ ಪ್ರೊಸೆಸರ್ ಇರುವ ಪುಟ್ಟ ಕಂಪ್ಯೂಟರ್) ಮೇಲೆ ಓಡಿಸಿ. ಕೆಲವು ಮಿಲ್‌ಗಳಲ್ಲಿ ನಾವು ಅದನ್ನೇ ಇಟ್ಟಿದ್ದೇವೆ, 64 ಬಿಟ್ ಓಎಸ್ ಹಾಕಿ. ಅಲ್ಲಿ ಕ್ರ್ಯಾಶ್ ಆಗುವುದೇ ಇಲ್ಲ! 64 ಬಿಟ್ ಆರ್ಮ್ ಪ್ರೊಸೆಸರ್‌ನಲ್ಲಿ ಸೊನ್ನೆಯಿಂದ ಭಾಗಿಸಿದರೆ ಉತ್ತರ ಸೊನ್ನೆ. ಇಂಟೆಲ್ ಮಾತ್ರ ಗಲಾಟೆ ಮಾಡುತ್ತದೆ. ಸಿ ಭಾಷೆಯ ಪ್ರಕಾರ ಏನು ಬೇಕಾದರೂ ಆಗಬಹುದು, ಇಬ್ಬರದೂ ತಪ್ಪಲ್ಲ. ಹಾಗಾಗಿ ಪೈ ಮೇಲೆ ಚೀಟಿ ಸಲೀಸಾಗಿ ಹೊರಗೆ ಬರುತ್ತೆ. ತೂಕ 9000 ಕೆ.ಜಿ., ಚೀಲ 0. ನನ್ನನ್ನು ಕೇಳಿದರೆ ಕ್ರ್ಯಾಶ್ ಇದಕ್ಕಿಂತ ಎಷ್ಟೋ ಮೇಲು. ಬಿದ್ದರೆ ಫೋನಾದರೂ ಬರುತ್ತೆ.

ಬೀಳದಿದ್ದರೆ ಸಾಕಾ?

ಈಗ ಮೂಲ ಪ್ಯಾಚ್‌ಗೆ ಬನ್ನಿ. --ಬ್ಯಾಗ್ ಮುಂದೆ ಏನೂ ಇಲ್ಲದಿದ್ದರೆ ಅದು ಏನು ಮಾಡುತ್ತೆ? ಏನೂ ಮಾಡುವುದಿಲ್ಲ. ಆಪ್ಶನ್ ಬಂದೇ ಇಲ್ಲ ಅನ್ನೋ ಹಾಗೆ ಮುಂದೆ ಹೋಗುತ್ತೆ. ಬ್ಯಾಗ್‌ನಲ್ಲಿ ಡಿಫಾಲ್ಟ್ 75 ಉಳಿಯುತ್ತೆ.

ನಾನು ಇದನ್ನೇ ಕೇಳಿದೆ. ಅವಳು, ‘ಏನೂ ಕೊಡ್ಲಿಲ್ಲಂದ್ರ 75 ಅಂತ ತಗೊಂಡ್ರ ಆತಲ್ರೀ ಸರ್?’ ಅಂದಳು.

‘ಅಕ್ಕಿ ಲಾರಿ ಬಂದ್ರ ಏನ್ ಮಾಡ್ತೀವಿ, ನೀನ ಹೇಳು.’

ಅವಳೇ ಲೆಕ್ಕ ಹಾಕಿದಳು. 9000 ಕೆ.ಜಿ. ಅಕ್ಕಿ, 25ರ ಚೀಲದಲ್ಲಿ 360. ಚೀಟಿಯಲ್ಲಿ ಬರುವುದು 120. ಲಾರಿ ಡ್ರೈವರ್ ಆ ಚೀಟಿ ಹಿಡ್ಕೊಂಡು ರಾಯಚೂರೋ ಬಳ್ಳಾರಿಯೋ ತಲುಪಿದರೆ, ಅಲ್ಲಿ ಇಳಿಸುವಾಗ ಶುರುವಾಗುವ ಜಗಳ ಬಗೆಹರಿಸುವವರು ಯಾರು?

ಆಪ್ಶನ್ ಕೊಡದೇ ಇರುವುದು ಬೇರೆ, ಕೊಟ್ಟು ವ್ಯಾಲ್ಯೂ ಬಿಡುವುದು ಬೇರೆ. ಕೊಡದಿದ್ದರೆ ಡಿಫಾಲ್ಟ್ ತಗೊಳ್ಳಿ, ಸರಿ. ಕೊಟ್ಟು ಬಿಟ್ಟಿದ್ದರೆ ಬರೆದವರ ಮನಸ್ಸಿನಲ್ಲಿ ಏನೋ ಒಂದು ಸಂಖ್ಯೆ ಇತ್ತು, ಅದು ದಾರಿಯಲ್ಲಿ ಕಳೆದುಹೋಗಿದೆ. ಆಗ ಪ್ರೋಗ್ರಾಂ ನಿಲ್ಲಬೇಕು. ಯಾಕೆ ನಿಂತೆ ಅಂತ ಹೇಳಬೇಕು. ಎಕ್ಸಿಟ್ ಕೋಡ್ ಸೊನ್ನೆ ಅಲ್ಲದ್ದು ಕೊಡಬೇಕು. ಬಳಕೆಯ ತಪ್ಪಿಗೆ 2 ಕೊಡುವುದು ರೂಢಿ, ಪೈಥಾನ್‌ನ ಆರ್ಗ್‌ಪಾರ್ಸ್ (ಆಪ್ಶನ್ ಓದುವ ಲೈಬ್ರರಿ) ಕೂಡ ಅದನ್ನೇ ಕೊಡುತ್ತೆ.

ಕ್ರ್ಯಾಶ್‌ನ ಪ್ಯಾಚ್ ಬಂದಾಗ ನಾನು ಮೊದಲು ನೋಡುವುದು ಇದನ್ನೇ. ಬೀಳುವ ಜಾಗಕ್ಕೆ ಒಂದು ಇಫ್ ಅಡ್ಡ ಹಾಕಿದ್ದಾರಾ? ಹಾಗಿದ್ದರೆ ಆ ಇಫ್ ಸುಳ್ಳಾದಾಗ ಮುಂದೆ ಏನಾಗುತ್ತೆ? ಎಲ್ಸ್ ಇಲ್ಲದ ಇಫ್ ಕಂಡರೆ ಅಲ್ಲಿ ಬೆರಳಿಡಿ.

ಎಟಾಯ್ ತೆಗೆಸಿ

ಎಟಾಯ್ ಬಗ್ಗೆ ನನಗೆ ಮೊದಲಿಂದಲೂ ಸಿಟ್ಟು. ತಪ್ಪಾಯಿತು ಅಂತ ಹೇಳಲು ಅದಕ್ಕೆ ಬಾಯೇ ಇಲ್ಲ. ‘75ಕೆಜಿ’ ಕೊಟ್ಟರೆ 75 ಅನ್ನುತ್ತೆ. ‘ಎಪ್ಪತ್ತೈದು’ ಕೊಟ್ಟರೆ 0 ಅನ್ನುತ್ತೆ. ನಿಜವಾಗಿ 0 ಕೊಟ್ಟರೂ 0. ಯಾವುದು ಯಾವುದು ಅಂತ ಗೊತ್ತಾಗುವುದು ಹೇಗೆ?

ಸ್ಟ್ರ್‌ಟೋಲ್ ಬಳಸಲು ಹೇಳಿ. ಅದು ಓದುವುದನ್ನು ಎಲ್ಲಿ ನಿಲ್ಲಿಸಿತು ಅಂತ ಒಂದು ಎಂಡ್ ಪಾಯಿಂಟರ್ ಕೊಡುತ್ತೆ. ರಿವ್ಯೂದಲ್ಲಿ ನೋಡಬೇಕಾದದ್ದು: ಎಂಡ್ ಪಾಯಿಂಟರ್ ಶುರುವಿನ ಜಾಗದಲ್ಲೇ ಇದ್ದರೆ ಒಂದು ಅಂಕಿಯೂ ಸಿಕ್ಕಿಲ್ಲ ಅಂತ ಅರ್ಥ, ಖಾಲಿ ಸ್ಟ್ರಿಂಗ್ ಇಲ್ಲೇ ಸಿಕ್ಕಿಬೀಳುತ್ತೆ. ಎಂಡ್ ಪಾಯಿಂಟರ್ ಸ್ಟ್ರಿಂಗಿನ ಕೊನೆ ತಲುಪಿಲ್ಲ ಅಂದರೆ ಹಿಂದೆ ಕಸ ಉಳಿದಿದೆ. ತೀರಾ ದೊಡ್ಡ ಸಂಖ್ಯೆಯಾದರೆ ಎರ್ನೋದಲ್ಲಿ (ತಪ್ಪಿನ ಸಂಖ್ಯೆ ಇಡುವ ವೇರಿಯಬಲ್) ಇ-ರೇಂಜ್ ಬರುತ್ತೆ. ಆದರೆ ಕರೆಯುವ ಮುಂಚೆ ಎರ್ನೋವನ್ನು ನೀವೇ 0 ಮಾಡಿರಬೇಕು. ಇದನ್ನು ಮರೆತ ಕೋಡ್ ಎಷ್ಟು ನೋಡಿದ್ದೇನೋ! ಕೊನೆಗೆ ಮಿತಿ ಪರೀಕ್ಷೆ. ಸ್ಟ್ರ್‌ಟೋಲ್ ಕೊಡುವುದು ಲಾಂಗ್. ಅದನ್ನು ಇಂಟ್‌ಗೆ ಹಾಕುವ ಮುಂಚೆಯೇ 1ಕ್ಕಿಂತ ಕಡಿಮೆ ಇದೆಯಾ, ಚೀಲದ ತೂಕ ಅಂತ ನಂಬಲಾಗದಷ್ಟು ದೊಡ್ಡದಿದೆಯಾ ನೋಡಬೇಕು. ಮೈನಸ್ 75 ಅನ್ನು ಸ್ಟ್ರ್‌ಟೋಲ್ ಸಂತೋಷದಿಂದ ಒಪ್ಪಿಕೊಳ್ಳುತ್ತೆ.

ಮೂರನೇ ಆರ್ಗ್ಯುಮೆಂಟ್ ಬೇಸ್. ಅದು 10 ಇರಬೇಕು. 0 ಹಾಕಿದರೆ ‘075’ ಅಂತ ಟೈಪ್ ಮಾಡಿದವರಿಗೆ 61 ಸಿಗುತ್ತೆ. ಮುಂದಿನ ಸೊನ್ನೆ ನೋಡಿ ಆಕ್ಟಲ್ (ಎಂಟರ ಲೆಕ್ಕದ ಸಂಖ್ಯೆ) ಅಂದುಕೊಳ್ಳುತ್ತೆ ಅದು. 61 ಚೀಲದ ತೂಕವಾಗಿ ಅನುಮಾನ ಬರುವ ಸಂಖ್ಯೆಯೂ ಅಲ್ಲ. ಮಿತಿ ಪರೀಕ್ಷೆಯನ್ನು ಆರಾಮಾಗಿ ದಾಟಿ ಹೋಗುತ್ತೆ.

ಕನ್ನಡ ಅಂಕಿ ಕೊಟ್ಟರೆ?

ನಮ್ಮ ಕಡೆಯ ರಿವ್ಯೂದಲ್ಲಿ ಇದನ್ನು ಬಿಡಬೇಡಿ. ಸೆಟ್ಟಿಂಗ್ಸ್ ಫೈಲ್ ತಿದ್ದುವ ಗುಮಾಸ್ತರ ಕೀಬೋರ್ಡ್ ಕನ್ನಡದಲ್ಲಿದೆ. ಅವರು ೭೫ ಅಂತ ಹೊಡೆದರೆ ಅವರ ತಪ್ಪೇನೂ ಇಲ್ಲ. ಎಟಾಯ್, ಸ್ಟ್ರ್‌ಟೋಲ್ ಎರಡಕ್ಕೂ ಇದು ಅಂಕಿ ಅಂತ ಗೊತ್ತಾಗುವುದಿಲ್ಲ. ಎಟಾಯ್ ಆದರೆ ಮತ್ತೆ 0, ಮತ್ತೆ ಭಾಗಾಕಾರ, ಮತ್ತೆ 136.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಮೂಲ ಅಕ್ಷರವೂ, ಅಂಕಿಯೂ, ಸ್ವರ ಚಿಹ್ನೆಯೂ ಮೂರು ಬೈಟ್. ೭ ಅಂದರೆ 224, 179, 173. ಇಂಟೆಲ್ ಲಿನಕ್ಸ್‌ನಲ್ಲಿ ಸಿ ಯ ‘ಕ್ಯಾರ್’ ಸೈನ್ಡ್, ಅಂದರೆ ನೆಗೆಟಿವ್ ಕೂಡ ಆಗಬಲ್ಲದು. ಹಾಗಾಗಿ ಪ್ರೋಗ್ರಾಂ ಕಣ್ಣಿಗೆ ಅದೇ ಬೈಟ್‌ಗಳು -32, -77, -83. ಆಪ್ಶನ್ ಓದುವ ನಮ್ಮ ಪಾರ್ಸರ್‌ನಲ್ಲಿ ಗಾಡಿ ನಂಬರ್ ಸರಿ ಇದೆಯಾ ನೋಡಲು 256 ಮನೆಗಳ ಒಂದು ಟೇಬಲ್ ಇತ್ತು. ಅಕ್ಷರವನ್ನೇ ಇಂಡೆಕ್ಸ್ ಮಾಡಿ ಟೇಬಲ್ ನೋಡುತ್ತಿತ್ತು. ಕನ್ನಡದಲ್ಲಿ ‘ಕೆಎ’ ಅಂತ ಬಂದರೆ ಇಂಡೆಕ್ಸ್ -32. ಟೇಬಲ್‌ನ ಹಿಂದೆ ಏನಿದೆಯೋ ಅದನ್ನು ಓದುತ್ತೆ. ಬೀಳಬಹುದು, ಬೀಳದೆ ಸುಳ್ಳು ಉತ್ತರ ಕೊಡಬಹುದು. ಇದೇ ಕೋಡ್ ಆರ್ಮ್ ಲಿನಕ್ಸ್‌ನಲ್ಲಿ ಸರಿಯಾಗಿ ನಡೆಯುತ್ತೆ, ಅಲ್ಲಿ ಕ್ಯಾರ್ ಅನ್‌ಸೈನ್ಡ್. ‘ಪೈ ಮ್ಯಾಲೆ ನಡೀತೈತಿ, ಲ್ಯಾಪ್‌ಟಾಪ್ ಮ್ಯಾಲೆ ಬೀಳ್ತೈತಿ’ ಅಂತ ಯಾರಾದರೂ ಹೇಳಿದರೆ ನನ್ನ ಮೊದಲ ಅನುಮಾನ ಈ ಕ್ಯಾರ್ ಮೇಲೆ.

ಈಸ್‌ಡಿಜಿಟ್, ಈಸ್‌ಆಲ್ಫಾ ಬಳಗಕ್ಕೂ ಇದೇ ಮಾತು. ಅವಕ್ಕೆ ನೆಗೆಟಿವ್ ಕ್ಯಾರ್ ಕೊಡುವ ಹಾಗಿಲ್ಲ. ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಸಹಿಸಿಕೊಳ್ಳುತ್ತೆ. ಮೈಕ್ರೋಸಾಫ್ಟ್‌ನ ಡೀಬಗ್ ಲೈಬ್ರರಿ ಅಸರ್ಟ್ ಹೊಡೆದು ನಿಲ್ಲಿಸುತ್ತೆ. ಕೊಡುವ ಮುಂಚೆ ಅನ್‌ಸೈನ್ಡ್ ಕ್ಯಾರ್‌ಗೆ ಕಾಸ್ಟ್ ಮಾಡಿದ್ದಾರಾ ನೋಡಿ. ಇಲ್ಲ ಅಂದರೆ ಕಾಮೆಂಟ್ ಹಾಕಿ.

೭೫ ಬಂದರೆ 75 ಅಂತ ಓದಬೇಕಾ, ತಪ್ಪು ಅಂತ ಹೇಳಬೇಕಾ? ಹತ್ತು ಅಂಕಿಗಳನ್ನು ಬದಲಿಸುವುದು ಏನು ಮಹಾ ಕೆಲಸ, ಓದಿಬಿಡಿ ಅಂತ ನನ್ನ ಅಭಿಪ್ರಾಯ. ಆದರೆ ಅದು ಬೇರೆ ಪ್ಯಾಚ್. ಕ್ರ್ಯಾಶ್ ಸರಿ ಮಾಡುವ ಪ್ಯಾಚ್‌ಗೆ ಹೊಸ ಸೌಲಭ್ಯ ಸೇರಿಸಬೇಡಿ.

ಅಕ್ಕಪಕ್ಕದ ಮನೆಗಳು

ಒಂದು ಕಡೆ ‘ಆರ್ಗ್‌ವಿ[++ಐ]’ ಇದ್ದರೆ ಹತ್ತು ಕಡೆ ಇರುತ್ತೆ. ಗಿಟ್ ಗ್ರೆಪ್ ಹಾಕಿ ಇಡೀ ಕೋಡಿನಲ್ಲಿ ಹುಡುಕಿ. ಪ್ಯಾಚ್ ಮುಟ್ಟದ ಸಾಲುಗಳನ್ನೂ ಓದಿ. ವೆಬ್‌ಪುಟದಲ್ಲಿ ಬರೀ ಡಿಫ್ (ಬದಲಾದ ಸಾಲುಗಳು) ನೋಡಿ ರಿವ್ಯೂ ಮಾಡಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ನಮ್ಮಲ್ಲಿ --ಪೋರ್ಟ್ ಅಂತ ಇನ್ನೊಂದು ಆಪ್ಶನ್ ಇತ್ತು. ತೂಕದ ಇಂಡಿಕೇಟರ್‌ಗೆ ಕೇಬಲ್ ಹಾಕಿದ ಸೀರಿಯಲ್ ಪೋರ್ಟ್‌ನ ಹೆಸರು ಒಂದು, ಅದರ ವೇಗ ಒಂದು, 9600 ಅನ್ನೋ ಹಾಗೆ. ಎರಡು ವ್ಯಾಲ್ಯೂ. ಕೋಡ್ ಎರಡು ಸಲ ++ಐ ಮಾಡುತ್ತಿತ್ತು. ಇದು ಸಾಲಿನ ಕೊನೆಗೆ ಒಂಟಿಯಾಗಿ ಬಂದರೆ ಮೊದಲ ವ್ಯಾಲ್ಯೂ ನಲ್. ಎರಡನೇದು? ಆರ್ಗ್‌ವಿ ಮುಗಿದು ಅದರಾಚೆ. ಲಿನಕ್ಸ್‌ನಲ್ಲಿ ಪ್ರೋಗ್ರಾಂ ಶುರುವಾಗುವಾಗ ಆರ್ಗ್‌ವಿ ಪಟ್ಟಿ, ಒಂದು ನಲ್, ಅದಕ್ಕೆ ಅಂಟಿಕೊಂಡೇ ಎನ್‌ವಿರಾನ್‌ಮೆಂಟ್ ವೇರಿಯಬಲ್‌ಗಳ (ಶೆಲ್ ಕಳಿಸಿಕೊಡುವ ಸೆಟ್ಟಿಂಗ್‌ಗಳ) ಪಟ್ಟಿ ಕೂತಿರುತ್ತೆ. ಅಂದರೆ ಪೋರ್ಟ್‌ನ ವೇಗ ಅಂತ ನಾವು ಓದುವುದು ಯಾವುದೋ ಎನ್‌ವಿರಾನ್‌ಮೆಂಟ್ ವೇರಿಯಬಲ್.

ಇದನ್ನು ಸಣ್ಣದು ಅಂದುಕೊಳ್ಳಬೇಡಿ. 2022ರ ಜನವರಿಯಲ್ಲಿ ಕ್ವಾಲಿಸ್ ಅನ್ನೋ ಸೆಕ್ಯುರಿಟಿ ಕಂಪನಿಯವರು ಹೊರಗೆ ಹಾಕಿದ ‘ಪ್ವನ್‌ಕಿಟ್’ ಲೋಪ ಇದೇ ಜಾಗದ್ದು. ಲಿನಕ್ಸ್‌ನ ಪಿಕೆಎಕ್ಸೆಕ್ ಪ್ರೋಗ್ರಾಂ ರೂಟ್ (ಎಲ್ಲಾ ಅಧಿಕಾರ ಇರುವ ಬಳಕೆದಾರ) ಅಧಿಕಾರದಲ್ಲಿ ಓಡುತ್ತೆ. ಅದರ ಪಾರ್ಸರ್ ಲೂಪ್ 1ರಿಂದ ಶುರು. ಆರ್ಗ್‌ವಿ[0] ಇದ್ದೇ ಇರುತ್ತೆ ಅನ್ನೋ ನಂಬಿಕೆ. ಆದರೆ ಆರ್ಗ್‌ಸಿ 0 ಇಟ್ಟೂ ಪ್ರೋಗ್ರಾಂ ಶುರು ಮಾಡಬಹುದಿತ್ತು. ಆಗ ಆರ್ಗ್‌ವಿ[1] ಅಂತ ಓದಿದ್ದು ಮೊದಲ ಎನ್‌ವಿರಾನ್‌ಮೆಂಟ್ ವೇರಿಯಬಲ್. ಅದನ್ನು ಓದಿ, ಮತ್ತೆ ಅಲ್ಲೇ ಬರೆಯಿತು ಕೂಡ. ಮಾಮೂಲಿ ಬಳಕೆದಾರ ರೂಟ್ ಆಗಲು ಅಷ್ಟು ಸಾಕಾಯಿತು. 2009ರ ಮೇಯಿಂದ ಆ ಸಾಲು ಅಲ್ಲೇ ಇತ್ತು. ಆಮೇಲೆ ಲಿನಕ್ಸ್ ಕರ್ನಲ್ 5.18ರಲ್ಲಿ, ಯಾರಾದರೂ ಖಾಲಿ ಆರ್ಗ್‌ವಿ ಕೊಟ್ಟರೆ ಒಂದು ಖಾಲಿ ಸ್ಟ್ರಿಂಗ್ ಸೇರಿಸುವ ಹಾಗೆ ಮಾಡಿದರು. ಅದಕ್ಕೂ ಒಂದು ವರ್ಷ ಮುಂಚೆ, 2021ರ ಜನವರಿಯಲ್ಲಿ, ರೂಟ್ ಆಗಿ ಕಮಾಂಡ್ ಓಡಿಸಲು ಬಳಸುವ ಸುಡೋದಲ್ಲೂ ಇಂಥದ್ದೇ. ಆರ್ಗ್ಯುಮೆಂಟ್ ಕೊನೆಗೆ ಒಂಟಿ ಬ್ಯಾಕ್‌ಸ್ಲ್ಯಾಶ್ ಇದ್ದರೆ ಸ್ಟ್ರಿಂಗಿನ ಗಡಿ ದಾಟಿ ಓದುತ್ತಾ ಹೋಗುತ್ತಿತ್ತು. 2011ರಿಂದ ಇದ್ದ ಕೋಡ್ ಅದು. ನಮ್ಮ ಕಾಟಾ ರೂಟ್ ಆಗಿ ಓಡುವುದಿಲ್ಲ, ಪುಣ್ಯ.

ಪೈಥಾನ್‌ನವರು ನಗುತ್ತಾ ಕೂರಬೇಡಿ. ಆರ್ಗ್‌ಪಾರ್ಸ್‌ನಲ್ಲಿ ಹೆಲ್ಪ್ ಪಠ್ಯಕ್ಕೆ ‘ತೇವಾಂಶ % ಎಷ್ಟು’ ಅಂತ ಬರೆದು ನೋಡಿ. ಆ ಪರ್ಸೆಂಟ್ ಚಿಹ್ನೆಯನ್ನು ಅದು ಫಾರ್ಮ್ಯಾಟ್ ಗುರುತು ಅಂದುಕೊಂಡು, ‘ಎ’ ಅನ್ನೋ ಫಾರ್ಮ್ಯಾಟ್ ಅಕ್ಷರ ಗೊತ್ತಿಲ್ಲ ಅಂತ ವ್ಯಾಲ್ಯೂ ಎರರ್ ಎಸೆಯುತ್ತೆ. ಎರಡು ಪರ್ಸೆಂಟ್ ಹಾಕಿದರೆ ಸರಿಹೋಗುತ್ತೆ. ಹೆಲ್ಪ್ ಪಠ್ಯ ಕನ್ನಡಕ್ಕೆ ತಂದ ಪ್ಯಾಚ್ ಬಂದಾಗ, --ಹೆಲ್ಪ್ ಅನ್ನು ಒಂದು ಸಲ ಓಡಿಸಿಯೇ ಓಕೆ ಕೊಡಿ.

‘ಗೆಟ್‌ಆಪ್ಟ್ ಹಾಕ್ಬಿಡೋಣ’ ಅಂದರೆ

ಕೈಯಿಂದ ಬರೆದ ಪಾರ್ಸರ್ ಬೀಳುವುದು ಕಂಡಾಗ ಯಾರಾದರೂ ಒಬ್ಬರು ಇದನ್ನು ಹೇಳೇ ಹೇಳುತ್ತಾರೆ. ಗೆಟ್‌ಆಪ್ಟ್ ಅಂದರೆ ಆಪ್ಶನ್ ಓದಲು ಸಿ ಲೈಬ್ರರಿಯಲ್ಲೇ ಇರುವ ಫಂಕ್ಷನ್, ಗೆಟ್‌ಆಪ್ಟ್ ಲಾಂಗ್ ಉದ್ದ ಹೆಸರಿನ ಆಪ್ಶನ್‌ಗಳಿಗೆ. ಒಳ್ಳೇ ಮಾತೇ. ವ್ಯಾಲ್ಯೂ ಇಲ್ಲದ ಆಪ್ಶನ್ ಸಾಲಿನ ಕೊನೆಗೆ ಬಂದರೆ ಗೆಟ್‌ಆಪ್ಟ್ ಲಾಂಗ್ ತಾನೇ ತಪ್ಪು ಹೇಳುತ್ತೆ. ಆದರೆ ನಡುವೆ ಬಂದರೆ? --ಬ್ಯಾಗ್ --ಗಾಡಿ ಅಂತ ಕೊಟ್ಟರೆ ಅದೂ ‘--ಗಾಡಿ’ಯನ್ನೇ ಬ್ಯಾಗ್‌ನ ವ್ಯಾಲ್ಯೂ ಅಂತ ತಗೊಳ್ಳುತ್ತೆ. ಸಂಖ್ಯೆಯ ಪರೀಕ್ಷೆ ನೀವೇ ಬರೆಯಬೇಕು, ತಪ್ಪಿದ್ದಲ್ಲ.

ಅದಕ್ಕೆ ಬದಲಾಯಿಸಿದ ಪ್ಯಾಚ್ ಬಂದರೆ ನಾನು ಕಣ್ಣಿಟ್ಟು ನೋಡುವ ಜಾಗಗಳು ಇವು. ಉದ್ದ ಆಪ್ಶನ್‌ಗಳ ಪಟ್ಟಿಯ ಕೊನೆಗೆ ಎಲ್ಲಾ ಸೊನ್ನೆ ಇರುವ ಒಂದು ಸಾಲು ಬೇಕು. ಅದಿಲ್ಲದಿದ್ದರೆ ಪಟ್ಟಿ ದಾಟಿ ಓದಿ ಬೀಳುತ್ತೆ, ಅದೂ ಗೊತ್ತಿಲ್ಲದ ಅಥವಾ ಅರ್ಧ ಬರೆದ ಆಪ್ಶನ್ ಕೊಟ್ಟಾಗ ಮಾತ್ರ. ಹಾಗಾಗಿ ಟೆಸ್ಟ್‌ನಲ್ಲಿ ಸಿಗುವುದಿಲ್ಲ. ವ್ಯಾಲ್ಯೂ ಬೇಕಾದ ಸಣ್ಣ ಆಪ್ಶನ್ ಅಕ್ಷರದ ನಂತರ ಕೋಲನ್ ಹಾಕಲು ಮರೆತರೆ, ವ್ಯಾಲ್ಯೂ ಇರಬೇಕಾದ ಆಪ್ಟ್‌ಆರ್ಗ್ ನಲ್ ಆಗಿರುತ್ತೆ, ಮತ್ತೆ ಮೊದಲಿನ ಕ್ರ್ಯಾಶ್. ಎರಡು ಕೋಲನ್ ಹಾಕಿ ವ್ಯಾಲ್ಯೂ ಐಚ್ಛಿಕ ಮಾಡಿದರೆ, ಅಂಟಿಸಿ ಬರೆದರೆ ಮಾತ್ರ ಅದು ಸಿಗುತ್ತೆ. ನಡುವೆ ಜಾಗ ಬಿಟ್ಟರೆ ನಲ್. ಗೆಟ್‌ಆಪ್ಟ್ ಕೊಡುವ ಉತ್ತರವನ್ನು ಇಂಟ್‌ನಲ್ಲಿ ಇಟ್ಟಿದ್ದಾರಾ, ಕ್ಯಾರ್‌ನಲ್ಲಾ? ಕ್ಯಾರ್‌ನಲ್ಲಿ ಇಟ್ಟರೆ ಆರ್ಮ್ ಮೇಲೆ ಆಪ್ಶನ್ ಮುಗೀತು ಅನ್ನೋ -1 ಹೋಗಿ 255 ಆಗುತ್ತೆ, ಲೂಪ್‌ಗೆ ಮುಗೀತು ಅಂತ ಗೊತ್ತಾಗುವುದೇ ಇಲ್ಲ.

ಇನ್ನೊಂದು. ಉದ್ದ ಆಪ್ಶನ್ ಹೆಸರನ್ನು ಅರ್ಧ ಬರೆದರೂ ಗೆಟ್‌ಆಪ್ಟ್ ಲಾಂಗ್ ಒಪ್ಪುತ್ತದೆ, ಬೇರೆ ಯಾವುದಕ್ಕೂ ಹೊಂದದಿದ್ದರೆ. --ಬ್ಯಾ ಅಂತ ಬರೆದ ಸ್ಕ್ರಿಪ್ಟ್ ಇವತ್ತು ನಡೆಯುತ್ತೆ. ನಾಳೆ ನೀವು --ಬ್ಯಾಚ್ ಅಂತ ಹೊಸದೊಂದು ಸೇರಿಸಿದರೆ ಅದೇ ಸ್ಕ್ರಿಪ್ಟ್ ನಿಲ್ಲುತ್ತೆ.

ಈ ಸಲ ನಾವು ಗೆಟ್‌ಆಪ್ಟ್‌ಗೆ ಹೋಗಲಿಲ್ಲ. ಕಟಾವಿನ ಹೊತ್ತಲ್ಲಿ ಪಾರ್ಸರ್ ಪೂರ್ತಿ ಬದಲಿಸುವುದು ಬೇಡ ಅಂದೆ.

ಕಾಮೆಂಟ್ ಬರೆಯುವ ರೀತಿ

‘ಇದು ಸರಿ ಇಲ್ಲ’ ಅಂತ ಬರೆದರೆ ಬರೆಸಿಕೊಂಡವರಿಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಓಡಿಸಿ ನೋಡಬಹುದಾದ ಕಮಾಂಡ್ ಕೊಡಿ. ನಾನು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

‘ಕೊನೆಯಲ್ಲಿ ಬಂದದ್ದು ಈಗ ಬೀಳಲ್ಲ, ನೋಡಿದೆ. “ಕಾಟಾ --ಬ್ಯಾಗ್ --ಗಾಡಿ ಕೆಎ37” ಓಡಿಸು, ನನಗೆ 136 ಬಂತು. ಖಾಲಿ ಕೋಟ್, 0, -75, 75ಕೆಜಿ, ೭೫ ಇಷ್ಟಕ್ಕೂ ಏನಾಗಬೇಕು ಅಂತ ಮೊದಲು ಟೆಸ್ಟ್ ಬರಿ. ಹಳೇ ಕೋಡ್ ಮೇಲೆ ಆ ಟೆಸ್ಟ್‌ಗಳು ಫೇಲ್ ಆಗಬೇಕು. --ಪೋರ್ಟ್ ಕೂಡ ನೋಡು, ಅಲ್ಲಿ ಎರಡು ವ್ಯಾಲ್ಯೂ ಇವೆ.’

ಹಳೇ ಕೋಡ್ ಮೇಲೆ ಫೇಲ್ ಆಗಬೇಕು ಅನ್ನೋದನ್ನು ಒತ್ತಿ ಹೇಳಿ. ಫೇಲ್ ಆಗದ ಟೆಸ್ಟ್ ಏನನ್ನೂ ಪರೀಕ್ಷೆ ಮಾಡುತ್ತಿಲ್ಲ. ಎಕ್ಸಿಟ್ ಕೋಡ್ ‘ಸೊನ್ನೆ ಅಲ್ಲ’ ಅಂತ ನೋಡುವ ಟೆಸ್ಟ್ ಕೂಡ ಬೇಡ. 139 ಕೂಡ ಸೊನ್ನೆ ಅಲ್ಲ! ಸರಿಯಾಗಿ 2 ಬಂತಾ ಅಂತ ನೋಡಬೇಕು. ಟೆಸ್ಟ್ ಬಿಲ್ಡ್‌ಗೆ ಅಡ್ರೆಸ್ ಸ್ಯಾನಿಟೈಸರ್ ಮತ್ತು ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್ (ಓಡುವಾಗಲೇ ಇಂಥ ತಪ್ಪು ಹಿಡಿಯುವ ಕಂಪೈಲರ್ ಸೌಲಭ್ಯಗಳು) ಎರಡೂ ಹಾಕಿಸಿ. ಪೈ ಮೇಲೆ ಸದ್ದಿಲ್ಲದೆ ಹೋಗುವ ಸೊನ್ನೆಯ ಭಾಗಾಕಾರವನ್ನು ಎರಡನೇದು ಸಾಲಿನ ನಂಬರ್ ಸಮೇತ ಹೇಳುತ್ತೆ. ಟೇಬಲ್ -32ರ ಕಥೆಯೂ ಅಲ್ಲೇ ಸಿಗುತ್ತೆ.

ಅವಳು ಮತ್ತೆ ಕಳಿಸಿದ ಪ್ಯಾಚ್‌ನಲ್ಲಿ ಎರಡು ಸಣ್ಣ ಫಂಕ್ಷನ್ ಇದ್ದವು. ಮುಂದಿನ ವ್ಯಾಲ್ಯೂ ಕೊಡುವುದು ಒಂದು. ಇಲ್ಲದಿದ್ದರೆ ಆಪ್ಶನ್ ಹೆಸರು ಹೇಳಿ 2 ಅಂತ ಹೊರಗೆ ಹೋಗುತ್ತೆ. ಸ್ಟ್ರಿಂಗ್‌ನಿಂದ ಮಿತಿಯೊಳಗಿನ ಸಂಖ್ಯೆ ತೆಗೆಯುವುದು ಇನ್ನೊಂದು. ಎಲ್ಲಾ ++ಐ ಗಳೂ ಮೊದಲನೇದರ ಒಳಗೆ ಹೋದವು. ಗ್ರೆಪ್ ಹಾಕಿದರೆ ಈಗ ಒಂದೇ ಕಡೆ ಸಿಗುತ್ತೆ. ಡ್ಯಾಶ್‌ನಿಂದ ಶುರುವಾಗುವ ವ್ಯಾಲ್ಯೂಗಳನ್ನು ಎಲ್ಲಾ ಕಡೆ ತಿರಸ್ಕರಿಸೋಣ್ರೀ ಸರ್ ಅಂತ ಕೇಳಿದಳು. ಬೇಡ ಅಂದೆ. ಬ್ಯಾಗ್‌ಗೆ ಸಂಖ್ಯೆಯ ಪರೀಕ್ಷೆಯೇ ಸಾಕು. ಫೈಲ್ ಹೆಸರು ಡ್ಯಾಶ್‌ನಿಂದ ಶುರುವಾಗಬಹುದು, ಒಂಟಿ ಡ್ಯಾಶ್ ಅಂದರೆ ಸ್ಟ್ಯಾಂಡರ್ಡ್ ಇನ್‌ಪುಟ್ ಅನ್ನೋ ರೂಢಿಯೂ ಇದೆ. --ಗಾಡಿಗೆ ಮಾತ್ರ ಡ್ಯಾಶ್ ಬೇಡ ಅಂತ ಹಾಕಿದಳು. ಡ್ಯಾಶ್‌ನಿಂದ ಶುರುವಾಗುವ ನಂಬರ್ ಪ್ಲೇಟ್ ಯಾವ ಆರ್‌ಟಿಓದಲ್ಲೂ ಕೊಡಲ್ಲ.

ತಪ್ಪಿನ ಸಂದೇಶದ ಮೇಲೆ ಸ್ವಲ್ಪ ಎಳೆದಾಡಿದೆವು. ಮೊದಲು ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಅಂತಿತ್ತು. ಅದನ್ನು ಓದುವವರು ಗುಮಾಸ್ತರು. ಕೊನೆಗೆ ಉಳಿದದ್ದು: ‘ಚೀಲದ ತೂಕ (--ಬ್ಯಾಗ್) ಖಾಲಿ ಇದೆ. 1ರಿಂದ 200ರೊಳಗಿನ ಸಂಖ್ಯೆ ಕೊಡಿ.’ ಸಂಖ್ಯೆ ಬದಲು ಬೇರೆ ಏನಾದರೂ ಬಂದಿದ್ದರೆ, ಬಂದದ್ದನ್ನು ಕೋಟ್ ಒಳಗೆ ಹಾಗೇ ತೋರಿಸುತ್ತೆ. ಪರದೆ ಮೇಲೆ ‘--ಗಾಡಿ’ ಅಂತ ಕಂಡರೆ ಏನಾಗಿದೆ ಅಂತ ನಾವು ಫೋನಿನಲ್ಲೇ ಹೇಳಬಹುದು.

ಕಮಿಟ್ ಸಂದೇಶದಲ್ಲಿ ‘ಕ್ರ್ಯಾಶ್ ಫಿಕ್ಸ್’ ಅಂತಷ್ಟೇ ಬಿಡಬೇಡಿ. ಯಾವ ಕಮಾಂಡ್‌ಗೆ ಬೀಳುತ್ತಿತ್ತು, ಯಾಕೆ, ಈಗ ಏನಾಗುತ್ತೆ, ಮೂರನ್ನೂ ಬರೆಸಿ.

ಹಂಚುವಾಗ ಕ್ರಮ ನೋಡಿಕೊಳ್ಳಿ. ಹೊಸ ಪ್ರೋಗ್ರಾಂ ಖಾಲಿ ವ್ಯಾಲ್ಯೂ ಕಂಡರೆ ನಿಲ್ಲುತ್ತೆ. ಇಷ್ಟು ದಿನ ಹೇಗೋ ನಡೆದುಕೊಂಡು ಬಂದಿದ್ದ ಮಿಲ್‌ನಲ್ಲೂ ನಿಲ್ಲಬಹುದು, ಪೈ ಇರುವ ಕಡೆ ಖಂಡಿತ. ಆದ್ದರಿಂದ ಮೊದಲು ಸ್ಕ್ರಿಪ್ಟ್ ತಿದ್ದಿ. ವೇರಿಯಬಲ್‌ಗೆ ಎರಡೂ ಬದಿ ಡಬಲ್ ಕೋಟ್ ಹಾಕಿ. ಕರ್ಲಿ ಬ್ರ್ಯಾಕೆಟ್ ಒಳಗೆ ವೇರಿಯಬಲ್ ಹೆಸರಿನ ನಂತರ ಕೋಲನ್, ಪ್ರಶ್ನೆ ಚಿಹ್ನೆ ಮತ್ತು ಒಂದು ಸಂದೇಶ ಬರೆದರೆ, ಖಾಲಿ ಇದ್ದಾಗ ಶೆಲ್ಲೇ ಆ ಸಂದೇಶ ತೋರಿಸಿ ನಿಲ್ಲುತ್ತೆ. ಕಾಟಾವರೆಗೆ ಬರುವುದೇ ಇಲ್ಲ. ಆಮೇಲೆ ಎಲ್ಲಾ ಮಿಲ್‌ಗಳ ಸೆಟ್ಟಿಂಗ್ಸ್ ಫೈಲ್ ಒಂದು ಸಲ ತೆರೆದು ಖಾಲಿ ಸಾಲು ಇದೆಯಾ ನೋಡಿ, ಕೊನೆಗೆ ಹೊಸ ಕಾಟಾ ಇಳಿಸಿ. ಸಂಜೆ ವೇಬ್ರಿಜ್ ಖಾಲಿ ಆದ ಮೇಲೆ ಮಾಡಿದರೆ ಒಳ್ಳೇದು. ಬೆಳಿಗ್ಗೆ ಟ್ರ್ಯಾಕ್ಟರ್ ಸಾಲು ನಿಂತಾಗ ಮಾಡಲು ಹೋಗಬೇಡಿ.